ನೂರಕ್ಕೆ ನೂರು ಬಂದ ವರ್ಷ

2019ರ ಬೇಸಿಗೆಯಲ್ಲಿ ನಮ್ಮ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ ಬಂತು. ಆ ವರ್ಷ ಇಡೀ ರಾಜ್ಯದ ಫಲಿತಾಂಶ ಶೇಕಡಾ 73.70. ಜ್ಞಾನಭಾರತಿಯ ಆಚೀಚೆಯ ಗಾರ್ಮೆಂಟ್ಸ್ ಹೆಂಗಸರ, ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳು ಓದುವ ಒಂದು ಸೊರಗಿದ ಪ್ರೌಢಶಾಲೆಗೆ ಇದೇನು ಸಣ್ಣ ಸಂಗತಿಯೇ? ಮುಖ್ಯೋಪಾಧ್ಯಾಯಿನಿಯವರಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಗೇಟಿಗೆ ಫ್ಲೆಕ್ಸ್ ಕಟ್ಟಿದೆವು. ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದವಳು ನಾನೇ.

ಆ ನೂರನ್ನು ನಾವು ಹೇಗೆ ಮಾಡಿದೆವು ಎಂಬುದನ್ನು ಈಗ ಹೇಳಿಬಿಡುತ್ತೇನೆ. ಶಾಲೆಯ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಅದೊಂದು ಕೆಟ್ಟ ಶಾಲೆ, ಮಿಕ್ಕವೆಲ್ಲ ಒಳ್ಳೆಯವು ಎಂದು ನೀವು ನಿಶ್ಚಿಂತರಾಗಿಬಿಡುತ್ತೀರಿ. ಅಲ್ಲಿಂದ ನನಗೆ ವರ್ಗವಾಗಿ ಕೆಲವು ವರ್ಷವಾಯಿತು. ಈಗಿನದೂ ಇದೇ ಸುತ್ತಿನ ಶಾಲೆ. ಮಧ್ಯಾಹ್ನದ ಹೊತ್ತು ಗಾಳಿ ತಿರುಗಿದರೆ ವೃಷಭಾವತಿಯ ನಾತ ಇಲ್ಲಿಗೂ ಬರುತ್ತದೆ.

ಲೆಕ್ಕ ಹೀಗಿತ್ತು. ಆ ತಂಡದ ಮಕ್ಕಳು ಎಂಟನೇ ತರಗತಿಗೆ ಸೇರಿದಾಗ 58 ಜನ. ಪರೀಕ್ಷೆಗೆ ಕೂತವರು 37. ಮೂವತ್ತೇಳಕ್ಕೆ ಮೂವತ್ತೇಳೂ ಪಾಸು. ಹಾಗಾದರೆ ಉಳಿದ ಇಪ್ಪತ್ತೊಂದು ಮಕ್ಕಳು ಎಲ್ಲಿ ಹೋದರು? ಕೆಲವರು ತಂದೆ ತಾಯಿಯ ಜೊತೆ ಊರು ಬಿಟ್ಟಿದ್ದರು, ಒಂದಿಬ್ಬರು ಬೇರೆ ಶಾಲೆಗೆ ಹೋಗಿದ್ದರು. ಮಿಕ್ಕವರನ್ನು ನಾವೇ ಕಳಿಸಿದ್ದೆವು. ಶಾಲು ಹೊದಿಸಿದವರಾಗಲಿ, ಮೈಸೂರುಪಾಕು ತಿಂದವರಾಗಲಿ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಭಿನ್ನರಾಶಿ ಕಲಿಸುವಾಗ ನಮ್ಮ ಗಣಿತದ ಮೇಷ್ಟ್ರು ಹೇಳುತ್ತಾರೆ, ಮೇಲಿರುವುದು ಅಂಶ, ಕೆಳಗಿರುವುದು ಛೇದ, ಬೆಲೆ ಏರಬೇಕಾದರೆ ಅಂಶ ದೊಡ್ಡದಾಗಬೇಕು ಇಲ್ಲವೇ ಛೇದ ಚಿಕ್ಕದಾಗಬೇಕು ಎಂದು. ಅಂಶವನ್ನು ದೊಡ್ಡದು ಮಾಡಲು ಮೂರು ವರ್ಷ ಮೈಮುರಿದು ಪಾಠ ಮಾಡಬೇಕು. ಛೇದವನ್ನು ಚಿಕ್ಕದು ಮಾಡಲು ಒಂದು ಮಧ್ಯಾಹ್ನ, ಒಂದು ಟಿ.ಸಿ. ಪುಸ್ತಕ ಸಾಕು.

ಇಪ್ಪತ್ತೊಂದರಲ್ಲಿ ಒಬ್ಬಳ ವಿಷಯ ನನಗೆ ಚೆನ್ನಾಗಿ ಗೊತ್ತು. ಅವಳ ಟಿ.ಸಿ. ಬರೆದದ್ದು ನನ್ನ ಕೈ.

ಯಾದಗಿರಿ ಕಡೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಬಂದವರು. ಒಂದು ಕಟ್ಟಡ ಮುಗಿದರೆ ಇನ್ನೊಂದು. ಹೀಗೆ ಕೆಂಗೇರಿ, ಉಲ್ಲಾಳ, ಮಲ್ಲತ್ತಹಳ್ಳಿ ಎಂದು ಶೆಡ್ಡಿನಿಂದ ಶೆಡ್ಡಿಗೆ ಹೋಗುತ್ತ ಅವಳು ಏಳನೇ ತರಗತಿ ಮುಗಿಸುವುದರೊಳಗೆ ನಾಲ್ಕು ಶಾಲೆ ಕಂಡಿದ್ದಳು. ನಮ್ಮಲ್ಲಿಗೆ ಬಂದಾಗ ನನಗೆ ಅವಳು ತುಂಬ ಮೆಚ್ಚುಗೆಯಾದಳು. ಯಾಕೆಂದರೆ ಅವಳ ಅಕ್ಷರ. ಮುತ್ತು ಪೋಣಿಸಿದ ಹಾಗೆ. ಬೋರ್ಡಿನ ಮೇಲೆ ನಾನು ಬರೆದದ್ದನ್ನು ಒಂದು ಕೊಂಬು, ಒಂದು ದೀರ್ಘ ತಪ್ಪದೆ ಇಳಿಸಿಕೊಳ್ಳುತ್ತಿದ್ದಳು. ನೋಟ್ಸು ಯಾವಾಗಲೂ ಕಂಪ್ಲೀಟು. ಇನ್‌ಸ್ಪೆಕ್ಷನ್ನಿಗೆ ಯಾರಾದರೂ ಬಂದರೆ ಮೇಲಿಡುತ್ತಿದ್ದ ನೋಟ್‌ಬುಕ್ಕೇ ಅವಳದು. ನಾನು ಕೆಂಪು ಶಾಯಿಯಲ್ಲಿ 'ಉತ್ತಮ' ಎಂದು ಬರೆದು ರುಜು ಹಾಕುತ್ತಿದ್ದೆ. ಹೀಗೆ ಒಂದೂವರೆ ವರ್ಷ.

ಒಂಬತ್ತನೇ ತರಗತಿಯ ಮಧ್ಯದಲ್ಲಿ ಒಂದು ದಿನ ಪಾಠದ ಪುಟ ಬಿಟ್ಟು, ಇನ್ನೂ ಮಾಡದಿದ್ದ ಒಂದು ಗದ್ಯವನ್ನು ತೆಗೆದು ಅವಳಿಗೆ ಓದಲು ಹೇಳಿದೆ. ಎದ್ದು ನಿಂತಳು. ಮೊದಲ ಎರಡು ಪದ ಹೇಳಿದಳು. 'ವಿಶ್ವಾಸ' ಎಂಬಲ್ಲಿ 'ವಿಶಾಸ' ಎಂದಳು. ಮುಂದೆ 'ಪ್ರಯತ್ನ' ಎಂದಿತ್ತು. ಅಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಸುಮ್ಮನಿದ್ದೆ. ಪಕ್ಕದವಳ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿದವಳು ಎತ್ತಲಿಲ್ಲ. ಅವಳಿಗೆ ಒತ್ತಕ್ಷರ ಬರುತ್ತಿರಲಿಲ್ಲ. ಒತ್ತಿಲ್ಲದ ಪದಗಳನ್ನೂ ಒಂದೊಂದಾಗಿ ಕೂಡಿಸಿ, ಕೊನೆಯ ಅಕ್ಷರಕ್ಕೆ ಬರುವ ಹೊತ್ತಿಗೆ ಮೊದಲಿನದನ್ನು ಮರೆತುಬಿಡುತ್ತಿದ್ದಳು. ಚುಕ್ಕಿ ಇಟ್ಟು ರಂಗೋಲಿ ಇಳಿಸಿಕೊಳ್ಳುವಂತೆ ಅವಳು ಇಷ್ಟು ದಿನ ಕನ್ನಡ ಬರೆದಿದ್ದಳು. ರಂಗೋಲಿಗೆ ಅರ್ಥ ಬೇಕೆಂದು ಯಾರು ಕೇಳುತ್ತಾರೆ?

ನನಗೆ ಅದುವರೆಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬೇಕು. ಗೊತ್ತಾಗದಿರುವುದು ಬಹಳ ಸುಲಭ. ಓದಿಸುವಾಗ ನಾವು ಚೆನ್ನಾಗಿ ಓದುವ ನಾಲ್ಕು ಮಕ್ಕಳನ್ನೇ ಎಬ್ಬಿಸುತ್ತೇವೆ, ಪಾಠ ಬೇಗ ಮುಂದೆ ಹೋಗುತ್ತದೆ. ಪ್ರಶ್ನೋತ್ತರವನ್ನು ಬೋರ್ಡಿನಲ್ಲಿ ಬರೆಸುತ್ತೇವೆ. ಅದನ್ನು ಮನೆಯಲ್ಲಿ ಅಕ್ಕನೋ ಗೆಳತಿಯೋ ಓದಿ ಹೇಳಿದರೆ ಮಕ್ಕಳು ಬಾಯಿಪಾಠ ಮಾಡಿ ಕಿರು ಪರೀಕ್ಷೆಯಲ್ಲಿ ಬರೆಯುತ್ತಾರೆ. ಆಂತರಿಕ ಅಂಕವನ್ನು ನಾವೇ ಧಾರಾಳವಾಗಿ ಕೊಡುತ್ತೇವೆ. ಸಿಲೆಬಸ್ ಮುಗಿಯಿತೇ ಎಂದು ಮೇಲಿನವರು ಕೇಳುತ್ತಾರೆ, ಮುಗಿಯಿತು ಎನ್ನುತ್ತೇವೆ. ಮಗು ಓದುತ್ತದೆಯೇ ಎಂದು ನನ್ನ ಇಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬ ಅಧಿಕಾರಿಯೂ ಕೇಳಲಿಲ್ಲ.

ಇದು ನಮ್ಮೊಂದು ಮೂಲೆಯ ಕಥೆಯೂ ಅಲ್ಲ. ಗ್ರಾಮೀಣ ಭಾರತದಲ್ಲಿ 14ರಿಂದ 18 ವರ್ಷದವರನ್ನು ಕುರಿತು 'ಅಸರ್' ವರದಿಯವರು 2023ರಲ್ಲಿ ಸಮೀಕ್ಷೆ ಮಾಡಿದಾಗ ಸುಮಾರು ಕಾಲುಭಾಗದಷ್ಟು ಹುಡುಗ ಹುಡುಗಿಯರಿಗೆ ತಮ್ಮ ಭಾಷೆಯ ಎರಡನೇ ತರಗತಿ ಮಟ್ಟದ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಅದು ಹಳ್ಳಿಗಳ ಲೆಕ್ಕ. ಹಳ್ಳಿಯಿಂದ ಹೊರಟು ನಮ್ಮ ಶೆಡ್ಡುಗಳಿಗೆ ಬಂದವರು ದಾರಿಯಲ್ಲಿ ಓದು ಕಲಿತು ಬರುತ್ತಾರೆಯೇ?

ಆ ಹುಡುಗಿಯ ಕಥೆಗೆ ಬರುತ್ತೇನೆ. 2018ರ ನವೆಂಬರ್. ಪರೀಕ್ಷೆಗೆ ಹೆಸರು ನೋಂದಾಯಿಸುವ ಸಮಯ. ಹಿಂದಿನ ವರ್ಷ ಫಲಿತಾಂಶ ಕುಸಿದು ಶಾಲೆಗೆ ನೋಟಿಸ್ ಬಂದಿತ್ತು. ಮುಖ್ಯೋಪಾಧ್ಯಾಯಿನಿಯವರು ಕೆಟ್ಟವರಲ್ಲ, ಮಕ್ಕಳ ಶೂಗೆ ಸ್ವಂತ ದುಡ್ಡು ಹಾಕಿದ್ದನ್ನು ಕಂಡಿದ್ದೇನೆ. ಆದರೆ ಇನ್ನೊಂದು ನೋಟಿಸ್ ಬಂದರೆ ಇನ್‌ಕ್ರಿಮೆಂಟಿಗೆ ಕುತ್ತು ಎಂಬ ಹೆದರಿಕೆ ಅವರಿಗೆ ಹತ್ತಿತ್ತು. ಒಂದು ಪಟ್ಟಿ ಮಾಡಿದರು. ಕ್ಲಾಸ್ ಟೀಚರುಗಳು ಅವರವರ ಪೋಷಕರನ್ನು ಕರೆಸಿ ಒಪ್ಪಿಸಬೇಕೆಂದರು. ನನ್ನ ಕ್ಲಾಸಿನ ಏಳು ಹೆಸರುಗಳಲ್ಲಿ ಅವಳದೂ ಒಂದು.

ತಾಯಿ ಅರ್ಧ ದಿನದ ಕೂಲಿ ಬಿಟ್ಟು ಬಂದಳು. ಸೆರಗಿನ ತುದಿಯಲ್ಲಿ ಸಿಮೆಂಟಿನ ಧೂಳು. ನಾನು ಬಹಳ ಸೌಮ್ಯವಾಗಿ ಮಾತಾಡಿದೆ. "ನೋಡಮ್ಮ, ಈ ವರ್ಷ ಕೂತರೆ ಫೇಲಾಗ್ತಾಳೆ, ಮನಸ್ಸಿಗೆ ಹಚ್ಕೋತಾಳೆ. ಟಿ.ಸಿ. ತಗೊಳ್ಳಿ, ಮುಂದಿನ ವರ್ಷ ಖಾಸಗಿಯಾಗಿ ಕಟ್ಟಿಸಿ, ಆರಾಮಾಗಿ ಓದಲಿ" ಎಂದೆ. ಆಕೆ ಒಂದು ಮಾತೂ ಎದುರಾಡಲಿಲ್ಲ. "ನಮಗೇನ್ ತಿಳಿತದರೀ ಮೇಡಂ, ನೀವು ಹ್ಯಾಂಗ ಹೇಳ್ತೀರಿ ಹಂಗ" ಎಂದಳು. ಹೆಬ್ಬೆಟ್ಟು ಒತ್ತಿದಳು. ಶಾಲೆ ಬಿಡಲು ಕಾರಣ ಎಂಬ ಕಡೆ ನಾನು 'ಪೋಷಕರ ಕೋರಿಕೆಯ ಮೇರೆಗೆ' ಎಂದು ಬರೆದೆ. ಗುಣ ನಡತೆ ಎಂಬ ಕಡೆ 'ಉತ್ತಮ' ಎಂದು ಬರೆದೆ. ಅದೇ ಕೆಂಪು ಶಾಯಿಯ 'ಉತ್ತಮ', ಈ ಸಲ ನೀಲಿಯಲ್ಲಿ.

ಹೊರಗೆ ಹೋದ ಮಕ್ಕಳಿಗೆ ಹೀಗಾಯಿತು. ಒಳಗೆ ಉಳಿದವರಿಗಾದರೂ ನಾವು ಏನು ಕಲಿಸಿದೆವು? ನಮ್ಮ ಶಿಕ್ಷಣಲೋಕದಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬ ಒಂದು ವಸ್ತು ಇದೆ. ಮದುವೆ ಛತ್ರದವರ ಪ್ಯಾಕೇಜಿನ ಹಾಗೆ ಇದರಲ್ಲೂ ಎಲ್ಲ ಅಡಕವಾಗಿರುತ್ತದೆ. ವಿಜ್ಞಾನದಲ್ಲಿ ಈ ನಾಲ್ಕು ಚಿತ್ರ, ಗಣಿತದಲ್ಲಿ ಈ ಎರಡು ಪ್ರಮೇಯ ಮತ್ತು ಒಂದು ಗ್ರಾಫು, ಸಮಾಜದಲ್ಲಿ ಭಾರತದ ನಕ್ಷೆ, ಕನ್ನಡದಲ್ಲಿ ಕವಿ ಪರಿಚಯ, ಕಂಠಪಾಠದ ಪದ್ಯ, ಪತ್ರಲೇಖನ. ಇಷ್ಟನ್ನು ಜನವರಿಯಿಂದ ಮಾರ್ಚಿನವರೆಗೆ ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ಬರೆಸಿ ಬರೆಸಿ ಹಾಕಿದರೆ 80ಕ್ಕೆ 28 ಬರುತ್ತದೆ. ಆ ಮೂರು ತಿಂಗಳು ನಾವು ಪಡುವ ಪಾಡು ಸುಳ್ಳಲ್ಲ. ಗಂಟಲು ಕಟ್ಟುತ್ತದೆ, ಮನೆಯಲ್ಲಿ ಅಡುಗೆ ಕೆಡುತ್ತದೆ. ಆದರೆ ಪಾಸಾದ ಮಗು ಪಿಯುಸಿಗೆ ಹೋಗಿ ಕೂತರೆ ಅಲ್ಲಿ ಪುಸ್ತಕ ತೆರೆಯಲು ಬರುವುದಿಲ್ಲ. ಪತ್ರಲೇಖನದಲ್ಲಿ ಪೂರ್ತಿ ಅಂಕ ತೆಗೆದ ಹುಡುಗ ತನ್ನ ತಂದೆಗೆ ಬಂದ ಬ್ಯಾಂಕಿನ ಪತ್ರ ಓದಲಾರದೆ ನನ್ನ ಬಳಿ ತಂದದ್ದುಂಟು.

ಈ ಶೇಕಡಾವಾರು ಎಂಬುದು ಎಷ್ಟು ಸಾಚಾ ಎಂದು ರಾಜ್ಯದ ಅಂಕಿಗಳನ್ನೇ ನೋಡಿ. 2021ರಲ್ಲಿ, ಕೊರೋನಾ ಕಾಲದಲ್ಲಿ, ಎರಡು ದಿನದ ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಸಿದರು. ಬರೆದ 8 ಲಕ್ಷ 70 ಸಾವಿರಕ್ಕೂ ಮೀರಿದ ಮಕ್ಕಳಲ್ಲಿ, ತನ್ನ ಬದಲು ಬೇರೆಯವರನ್ನು ಕೂರಿಸಿದ್ದ ಒಂದು ಹೆಸರಿನ ಹೊರತು ಎಲ್ಲರೂ ಪಾಸು. ಅದು ಸಂಕಟಕಾಲ, ಬಿಡಿ. 2022ರಲ್ಲಿ 85.63, 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು, ಬಿತ್ತು ನೋಡಿ 73.40ಕ್ಕೆ! ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿ ತಳಕ್ಕೆ ಊರುಗೋಲು ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳೆಲ್ಲ ದಡ್ಡರಾದರೆ? ಮೊದಲೂ ಹಾಗೇ ಇದ್ದರು, ಕ್ಯಾಮರಾ ಇರಲಿಲ್ಲ ಅಷ್ಟೆ. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಮಿತಿಯನ್ನೇ ಶೇಕಡಾ 35ರಿಂದ 33ಕ್ಕೆ ಇಳಿಸುವುದಾಗಿ ಘೋಷಿಸಿದರು. ಮಗು ಬೆಳೆಯದಿದ್ದರೆ ಬಾಗಿಲ ಮೇಲಿನ ಗೆರೆಯನ್ನು ಕೆಳಗೆ ಎಳೆಯುವುದು ಸುಲಭವಲ್ಲವೇ.

ಅದೇ 2024ರಲ್ಲಿ ಉಡುಪಿ ಮೊದಲ ಸ್ಥಾನ, ಯಾದಗಿರಿ ಕೊನೆಯ ಸ್ಥಾನ ಎಂದು ಪತ್ರಿಕೆಗಳಲ್ಲಿ ಬಂತು. ಪ್ರತಿ ವರ್ಷವೂ ಹೀಗೊಂದು ಪಟ್ಟಿ ಬರುತ್ತದೆ, ಬೆಂಗಳೂರಿನ ನಾವು ಅಯ್ಯೋ ಪಾಪ ಎನ್ನುತ್ತೇವೆ. ಯಾದಗಿರಿಯ ಮಕ್ಕಳು ಯಾದಗಿರಿಯಲ್ಲೇ ಇದ್ದಾರೆಂದು ತಿಳಿಯಬೇಡಿ. ನಮ್ಮ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರ ಮಕ್ಕಳಾಗಿ ಅವರು ನಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಾರೆ.

ಮತ್ತೆ ನಮ್ಮ ಈ ಸ್ಥಳದ ಮಹಿಮೆಯನ್ನು ನೋಡಿ. ಹೆಸರೇ ಜ್ಞಾನಭಾರತಿ. ಸಾವಿರದ ನೂರು ಎಕರೆಯ ವಿಶ್ವವಿದ್ಯಾಲಯದ ಆವರಣ. ಅದರಲ್ಲಿ ಶಿಕ್ಷಣಶಾಸ್ತ್ರದ ವಿಭಾಗವಿದೆ. ಅದೇ ಆವರಣದಲ್ಲಿ ದಕ್ಷಿಣ ಭಾರತದ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆ ಕಲಿಸುವ ಪ್ರಾದೇಶಿಕ ಸಂಸ್ಥೆಯಿದೆ. ಪಕ್ಕದ ನಾಗರಭಾವಿಯಲ್ಲಿ 1972ರಲ್ಲಿ ಸ್ಥಾಪನೆಯಾದ, ಸಾಮಾಜಿಕ ಆರ್ಥಿಕ ಬದಲಾವಣೆಯನ್ನು ಅಧ್ಯಯನ ಮಾಡುವ 'ಐಸೆಕ್' ಇದೆ. ಇಡೀ ಭಾರತದ ಕಾಲೇಜುಗಳಿಗೆ ದರ್ಜೆ ಕೊಡುವ 'ನ್ಯಾಕ್' ಕಚೇರಿಯೂ ಅಲ್ಲೇ. ಇಷ್ಟೆಲ್ಲ ದೀಪಗಳ ಬುಡದಲ್ಲಿ ನಮ್ಮ ಶಾಲೆ. ವರ್ಷಕ್ಕೊಮ್ಮೆ ಬಿ.ಎಡ್. ಹುಡುಗಿಯರು ಅಭ್ಯಾಸ ಪಾಠಕ್ಕೆ ಬರುತ್ತಾರೆ. ಬಣ್ಣದ ಚಾರ್ಟು ತರುತ್ತಾರೆ, ಪಾಠಯೋಜನೆಗೆ ನಮ್ಮ ರುಜು ಪಡೆದು, ಚಾರ್ಟನ್ನು ಗೋಡೆಗೆ ಬಿಟ್ಟು ಹೋಗುತ್ತಾರೆ. ನಾನೂ ಬಿ.ಎಡ್. ಮಾಡಿದವಳೇ. ಹದಿಮೂರು ವರ್ಷದ ಮಗುವಿಗೆ ಒತ್ತಕ್ಷರ ಬಾರದಿದ್ದರೆ ಏನು ಮಾಡಬೇಕೆಂದು ನನಗೆ ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಅಂಥ ಮಗು ಪ್ರೌಢಶಾಲೆಯಲ್ಲಿ ಇರುತ್ತದೆ ಎಂಬುದನ್ನೇ ಆ ಪುಸ್ತಕಗಳು ಒಪ್ಪುತ್ತಿರಲಿಲ್ಲ.

ಈ ಆವರಣಕ್ಕೆ ವಿಶ್ವವಿದ್ಯಾಲಯ ಬಂದ ಕಾಲದಲ್ಲಿ ಕುಲಪತಿಗಳಾಗಿದ್ದವರು ಎಚ್. ನರಸಿಂಹಯ್ಯನವರು. 1935ರಲ್ಲಿ ಗೌರಿಬಿದನೂರಿನ ಹೊಸೂರಿನಿಂದ, ಬಸ್ ಚಾರ್ಜಿಗೆ ಕಾಸಿಲ್ಲದೆ ಎರಡು ದಿನ ನಡೆದು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಿದ ಹುಡುಗ ಅವರು. ನಾನು ಎಷ್ಟೋ ಸಲ ಯೋಚಿಸಿದ್ದೇನೆ, ಆ ಹುಡುಗ ಇವತ್ತು ಧೂಳು ಕಾಲಿನಲ್ಲಿ ನಮ್ಮ ಗೇಟಿಗೆ ಬಂದಿದ್ದರೆ ನಾವು ಮೊದಲು ಏನು ಲೆಕ್ಕ ಹಾಕುತ್ತಿದ್ದೆವು? ಇವನಿಂದ ನಮ್ಮ ಶೇಕಡಾವಾರು ಏರುತ್ತದೆಯೋ ಇಳಿಯುತ್ತದೆಯೋ ಎಂದು.

ಸುಧಾರಣೆ ಮಾಡಲಿಲ್ಲವೇ ಎಂದರೆ, ಮಾಡಿದರು. ಬೇಕಾದಷ್ಟು ಮಾಡಿದರು. ಯಾವುದೋ ಕಂಪನಿಯವರು ಬಂದು ಗೋಡೆಗೆ ರೈಲಿನ ಡಬ್ಬಿಯ ಹಾಗೆ ಬಣ್ಣ ಬಳಿದು ಫೋಟೋ ತೆಗೆಸಿಕೊಂಡರು. ಸ್ಮಾರ್ಟ್ ಕ್ಲಾಸ್ ಬಂತು. ಅದರ ಕೀಲಿಕೈ ಮುಖ್ಯೋಪಾಧ್ಯಾಯರ ಬೀರುವಿನಲ್ಲಿ, ಬೀರುವಿನ ಕೀಲಿಕೈ ಗುಮಾಸ್ತರ ಬಳಿ. ಸೇತುಬಂಧ, ಕಲಿಕಾ ಚೇತರಿಕೆ, ಮರುಸಿಂಚನ ಎಂದು ಒಂದಕ್ಕಿಂತ ಒಂದು ಚೆಂದದ ಹೆಸರಿನ ಕಾರ್ಯಕ್ರಮಗಳು ಬಂದವು. ಹೆಸರಿಡುವವರ ಬಗ್ಗೆ ನನಗೆ ಗೌರವವಿದೆ, ಉದ್ದೇಶದ ಬಗ್ಗೆಯೂ ಇದೆ. ಆದರೆ ಸೇತುಬಂಧದ ಮೊದಲ ಪರೀಕ್ಷೆಯಲ್ಲಿ ಹಿಂದಿದ್ದ ಮಗು ಕೆಲವೇ ವಾರಗಳ ನಂತರದ ಸಾಫಲ್ಯ ಪರೀಕ್ಷೆಯಲ್ಲಿ ತಪ್ಪದೆ ಮುಂದೆ ಬಂದಿರುತ್ತದೆ. ಬಾರದಿದ್ದರೆ ಇನ್ನೊಂದು ನಮೂನೆ ತುಂಬಬೇಕಲ್ಲ! ಆದ್ದರಿಂದ ನಾವೇ ಮುಂದೆ ತರುತ್ತೇವೆ.

ನಿಜವಾದ ಸುಧಾರಣೆ ಕಂಡೇ ಇಲ್ಲವೆಂದು ಹೇಳಲಾರೆ. 2007ರಲ್ಲಿ ಬಿಸಿಯೂಟವನ್ನು ಎಂಟರಿಂದ ಹತ್ತನೇ ತರಗತಿಗೂ ವಿಸ್ತರಿಸಿದರು. ಮಧ್ಯಾಹ್ನದ ಮೇಲೆ ತಲೆಸುತ್ತು ಎಂದು ಡೆಸ್ಕಿನ ಮೇಲೆ ಮಲಗುತ್ತಿದ್ದ ಹುಡುಗಿಯರು ಎದ್ದು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಮೇಲೆ ಹಾಲು ಬಂತು, ಮೊಟ್ಟೆ ಬಂತು. ಇವು ಯಾಕೆ ನಿಂತವು ಗೊತ್ತೇ? ದಿನಾ ಕೊಡಬೇಕು, ಪ್ರತಿ ಮಗುವಿಗೂ ಕೊಡಬೇಕು, ಕೊಟ್ಟದ್ದನ್ನು ಎಣಿಸಬೇಕು. ಅನ್ನಕ್ಕೆ ಇಟ್ಟ ಈ ನಿಯಮವನ್ನು ಓದಿಗೆ ಇಡಲಿಲ್ಲ. ಓದನ್ನು ಹಬ್ಬದ ಹೋಳಿಗೆಯಂತೆ ಅಭಿಯಾನ ಮಾಡಿ ಬಡಿಸುತ್ತಾರೆ.

ಕಲಿಸುವವರ ಸ್ಥಿತಿಯನ್ನೂ ಒಂದು ಮಾತು ಹೇಳಲೇಬೇಕು. 2025-26ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳು ಐವತ್ತು ಸಾವಿರಕ್ಕೂ ಮೀರಿದ ಅತಿಥಿ ಶಿಕ್ಷಕರ ಮೇಲೆ ನಿಂತಿದ್ದವು. ನಮ್ಮ ಮನೆಗೆ ಬರುವ ಅತಿಥಿಗೆ ಮೊದಲು ಊಟ ಹಾಕುತ್ತೇವೆ. ಇಲ್ಲಿಯ ಅತಿಥಿಗೆ ಸಂಬಳವೇ ಕೊನೆಗೆ. ಶಾಲೆ ತೆರೆದ ಮೇಲೆ ಬರುತ್ತಾರೆ, ಬೇಸಿಗೆ ರಜೆಯಲ್ಲಿ ಅವರಿಗೆ ಏನೂ ಇಲ್ಲ, ಮುಂದಿನ ವರ್ಷ ಇಲ್ಲೇ ಇರುತ್ತಾರೆಂಬ ಭರವಸೆಯಿಲ್ಲ. ಎಂಟನೇ ತರಗತಿಯಲ್ಲಿ ಒಂದು ಮಗುವಿನ ಕೊರತೆ ಕಂಡುಹಿಡಿದ ಹುಡುಗಿ ಒಂಬತ್ತನೇ ತರಗತಿಗೆ ಬೇರೆ ಶಾಲೆಯಲ್ಲಿರುತ್ತಾಳೆ. ಖಾಯಂ ಇರುವ ನಮಗೆ ಚುನಾವಣೆ, ಗಣತಿ, ಸಮೀಕ್ಷೆ. 2025ರ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಯಾರ ಮನೆಯಲ್ಲಿ ಎಷ್ಟು ಜನ ಓದಿದ್ದಾರೆಂದು ಬರೆದುಕೊಳ್ಳಲು, ಓದಿಸಬೇಕಾದವರು ಶಾಲೆಗೆ ಬೀಗ ಹಾಕಿ ಹೋದೆವು. ಇದಕ್ಕಿಂತ ಹೆಚ್ಚು ನಾನೇನೂ ಹೇಳಬೇಕಾಗಿಲ್ಲ.

ಈಗಿನ ಶಾಲೆಯಲ್ಲಿ ನಾವೊಂದು ಸಣ್ಣ ಕೆಲಸ ಮಾಡುತ್ತಿದ್ದೇವೆ. ಅದಕ್ಕೆ ಹೆಸರಿಟ್ಟಿಲ್ಲ. ಜೂನಿನಲ್ಲಿ ಎಂಟನೇ ತರಗತಿಗೆ ಬಂದ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಪಕ್ಕದಲ್ಲಿ ಕೂರಿಸಿಕೊಂಡು, ನಾಲ್ಕನೇ ತರಗತಿಯ ಪುಸ್ತಕದ ಒಂದು ಪುಟ ಓದಿಸುತ್ತೇವೆ. ಎಲ್ಲರೆದುರು ನಿಲ್ಲಿಸಿ ಅಲ್ಲ, ಆ ತಪ್ಪನ್ನು ನಾನು ಒಮ್ಮೆ ಮಾಡಿ ಮುಗಿಸಿದ್ದೇನೆ. ಆಮೇಲೆ ಮಾರ್ಚಿನವರೆಗೆ ದಿನಾ ಮೊದಲ ಪೀರಿಯಡ್ಡು ಓದು. ಯಾವ ವಿಷಯದ ಮೇಷ್ಟ್ರಾದರೂ ಸರಿ, ಐದಾರು ಮಕ್ಕಳ ಒಂದು ಗುಂಪು ತೆಗೆದುಕೊಳ್ಳಬೇಕು. "ಒತ್ತಕ್ಷರ ಕಲಿಸೋದಕ್ಕಾ ನಾನು ಬಿ.ಎಸ್ಸಿ. ಮಾಡಿದ್ದು?" ಎಂದು ಗಣಿತದವರು ರೇಗಿದರು. "ಲೆಕ್ಕದ ಪ್ರಶ್ನೆ ಓದೋಕೆ ಬರದೆ ನಿಮ್ಮ ಪೇಪರಲ್ಲಿ ಖಾಲಿ ಬಿಡ್ತಾರಲ್ಲ ಸಾರ್, ಅದಕ್ಕೆ" ಎಂದೆ. ಒಂದು ವಾರ ಮಾತು ಬಿಟ್ಟರು. ಈಗ ಅವರ ಗುಂಪೇ ಎಲ್ಲರಿಗಿಂತ ಮುಂದಿದೆ. ಒತ್ತಕ್ಷರವನ್ನು ಅವರು ಸಂಕಲನದ ಹಾಗೆ ಕಲಿಸುತ್ತಾರೆ, ಮೇಲೊಂದು ಕೆಳಗೊಂದು ಬರೆದು ಕೂಡಿಸಿ. ಸಿಲೆಬಸ್ ಹಿಂದೆ ಬೀಳುತ್ತದೆ, ನಿಜ. ಓದಲು ಬಂದ ಮೇಲೆ ಅದನ್ನು ಹಿಡಿಯುವುದು ಕಷ್ಟವಲ್ಲ. ಎಲ್ಲರೂ ಓದುತ್ತಾರೆಯೇ? ಇಲ್ಲ. ಶಾಲೆಗೇ ಬಾರದ ಮಕ್ಕಳ ಮುಂದೆ ನಮ್ಮ ಆಟ ನಡೆಯುವುದಿಲ್ಲ.

ತಪ್ಪನ್ನೆಲ್ಲ ಇಲಾಖೆಯ ಮೇಲೆ ಹಾಕಿ ನಾವು ಹೆಂಗಸರು ತಪ್ಪಿಸಿಕೊಳ್ಳುವುದು ಬೇಡ. ನನ್ನ ಎರಡು ಮಕ್ಕಳು ನಾನು ಕಲಿಸುವ ಶಾಲೆಯಲ್ಲಿ ಓದಲಿಲ್ಲ. ವಿಜಯನಗರದ ಒಂದು ಕಾನ್ವೆಂಟಿಗೆ ಡೊನೇಷನ್ ಕೊಟ್ಟು ಸೇರಿಸಿದೆ. ದಿನಾ ಬೆಳಿಗ್ಗೆ ಅವರಿಗೆ ಟೈ ಕಟ್ಟಿ ವ್ಯಾನು ಹತ್ತಿಸಿ, ಆಮೇಲೆ ಬೇರೆಯವರ ಮಕ್ಕಳಿಗೆ ಮಾತೃಭಾಷೆಯ ಮಹತ್ವ ಹೇಳಲು ಬಸ್ಸು ಹಿಡಿಯುತ್ತಿದ್ದೆ. ನಮ್ಮ ಸ್ಟಾಫಿನಲ್ಲಿ ಯಾರೂ ಬೇರೆ ಥರ ಮಾಡಿದ್ದು ನನಗೆ ನೆನಪಿಲ್ಲ. ನಾಲ್ಕಕ್ಷರ ಬಲ್ಲ ತಾಯಂದಿರು ಈ ಶಾಲೆಗಳಿಂದ ಎದ್ದುಹೋದೆವು. 2001ರಲ್ಲಿ ಶಾಲೆಯ ಮೇಲುಸ್ತುವಾರಿಗೆ ಪೋಷಕರ ಎಸ್.ಡಿ.ಎಂ.ಸಿ. ಮಾಡಿದಾಗ ಅದರಲ್ಲಿ ಕೂತು ಜಗಳ ಮಾಡಬಲ್ಲವರು ಹೊರಗಿದ್ದೆವು. ಒಳಗೆ ಉಳಿದದ್ದು, ಮೇಡಂ ಹೇಳಿದ ಹಾಗೆ ಎಂದು ಹೆಬ್ಬೆಟ್ಟು ಒತ್ತುವ ತಾಯಿ. ನಿಮ್ಮ ಮಗುವಿನ ಮಿಸ್ಸು ಒಂದು ದಿನ ಹೋಂವರ್ಕ್ ತಿದ್ದದಿದ್ದರೆ ನೀವು ಪ್ರಿನ್ಸಿಪಾಲರಿಗೆ ಫೋನು ಮಾಡುತ್ತೀರಿ. ನಾನು ಒಂದೂವರೆ ವರ್ಷ ತಪ್ಪು ತಿದ್ದಿದೆ, ಯಾರೂ ಫೋನು ಮಾಡಲಿಲ್ಲ.

2019ರ ಆಗಸ್ಟಿನಲ್ಲಿ, ವರಮಹಾಲಕ್ಷ್ಮಿ ಹಬ್ಬದ ಸಂಜೆ, ಪರಿಚಯದವರೊಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಮುಂಬಾಗಿಲಲ್ಲಿ ದೊಡ್ಡ ರಂಗೋಲಿ, ಒಂದು ಎಳೆಯೂ ಸೊಟ್ಟಗಿರಲಿಲ್ಲ. ಒಳಗಿಂದ ಕಾಫಿ ತಟ್ಟೆ ಹಿಡಿದು ಬಂದವಳು ಆ ಹುಡುಗಿ. "ಚೆನ್ನಾಗಿದೀರಾ ಮಿಸ್?" ಎಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಮನೆಯಾಕೆ, "ಓ, ನಿಮ್ಮ ಸ್ಟೂಡೆಂಟಾ? ಎಷ್ಟು ಚುರುಕು ಅಂತೀರಿ! ಬರೆಯೋದೂ ಬಹಳ ಮುದ್ದಾಗಿ. ಆದರೆ ಸಾಮಾನಿನ ಚೀಟಿ ಕೊಟ್ಟರೆ ಮಾತ್ರ ಸೀದಾ ಅಂಗಡಿಯವನ ಕೈಗೆ ಕೊಟ್ಟುಬಿಡ್ತಾಳೆ, ಏನು ಬಂತು ಏನು ಬಿಟ್ಟಿತು ಅಂತ ನೋಡಲ್ಲ" ಎಂದು ನಕ್ಕರು. ನಾನೂ ನಕ್ಕೆ. ಪರೀಕ್ಷೆ ಕಟ್ಟಿ ಎಂದು ನಾನು ಹೇಳಿದ್ದನ್ನು ಯಾರು ಕಟ್ಟಿಸಬೇಕಿತ್ತು? ಭಾನುವಾರ ನಮ್ಮನೆಗೆ ಬಾ ಎಂದೆ. ಮೂರು ಭಾನುವಾರ ಬಂದಳು. 'ಪ್ರ', 'ತ್ನ', 'ಶ್ವ' ಬಂತು. ನಾಲ್ಕನೆಯ ವಾರ ಬರಲಿಲ್ಲ. ಅಪ್ಪ ಅಮ್ಮನಿಗೆ ಹೊಸಕೋಟೆ ಕಡೆ ಕೆಲಸ ಸಿಕ್ಕಿತೆಂದು ಹೋದರಂತೆ.

ಇಲಾಖೆಗೆ ನಾನು ಕೇಳುವುದು ಹಣವಲ್ಲ, ಹೊಸ ಯೋಜನೆಯಲ್ಲ, ದಯವಿಟ್ಟು ಬಣ್ಣವಂತೂ ಅಲ್ಲ. ಪ್ರತಿ ಮಗುವಿಗೂ ಈಗ 'ಸ್ಯಾಟ್ಸ್' ಸಂಖ್ಯೆ ಇದೆ. ಯಾವ ಶಾಲೆಯ ಎಂಟನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು ಎಂಬುದು ಕಂಪ್ಯೂಟರಿನಲ್ಲಿ ಕೂತಿದೆ. ಮೇ ತಿಂಗಳಲ್ಲಿ ಫಲಿತಾಂಶ ಹೊರಡಿಸುವಾಗ ಪ್ರತಿ ಶಾಲೆಯ ಶೇಕಡಾವಾರಿನ ಪಕ್ಕದಲ್ಲಿ ಇನ್ನೊಂದು ಅಂಕಿ ಹಾಕಿ: ಮೂರು ವರ್ಷದ ಹಿಂದೆ ಸೇರಿದವರು ಇಷ್ಟು, ಇವತ್ತು ಪಾಸಾದವರು ಇಷ್ಟು. ಊರು ಬಿಟ್ಟು ಹೋದ ಮಗುವಿನ ಸಂಖ್ಯೆ ಇನ್ನೊಂದು ಶಾಲೆಯಲ್ಲಿ ಕಾಣಿಸಿದರೆ ಕಳೆಯಿರಿ, ಕಾಣಿಸದಿದ್ದರೆ ಆ ಮಗು ನಮ್ಮ ಲೆಕ್ಕದಲ್ಲೇ ಇರಲಿ. ನೋಟಿಸ್ ಕೊಡುವುದಿದ್ದರೆ ಆ ಅಂಕಿಗೆ ಕೊಡಿ. ಶಾಲು ಹೊದಿಸುವುದಿದ್ದರೂ ಆ ಅಂಕಿ ನೋಡಿ ಹೊದಿಸಿ. ಆಗ ಟಿ.ಸಿ. ಪುಸ್ತಕ ತೆರೆಯುವ ಮುಂಚೆ ಯಾವ ಕ್ಲಾಸ್ ಟೀಚರಾದರೂ ಎರಡು ಸಲ ಯೋಚಿಸುತ್ತಾಳೆ. ಹತ್ತನೇ ತರಗತಿಯ ಜನವರಿಯಲ್ಲಿ ಹಚ್ಚುವ ಶಕ್ತಿಯನ್ನು ಎಂಟನೇ ತರಗತಿಯ ಜೂನಿನಲ್ಲಿ ಹಚ್ಚುತ್ತಾಳೆ.

ಅವರು ಹಾಕುವವರೆಗೆ ನಾನೇ ಹಾಕಿಕೊಂಡಿದ್ದೇನೆ. ಹೋದ ಜೂನಿನಲ್ಲಿ ನಮ್ಮಲ್ಲಿ ಎಂಟನೇ ತರಗತಿಗೆ ಸೇರಿದವರು 46 ಮಕ್ಕಳು. ಸ್ಟಾಫ್ ರೂಮಿನ ಬೀರುವಿನ ಬಾಗಿಲ ಒಳಭಾಗದಲ್ಲಿ ಸೀಮೆಸುಣ್ಣದಲ್ಲಿ ದೊಡ್ಡದಾಗಿ 46 ಎಂದು ಬರೆದಿಟ್ಟೆ. ಮೊನ್ನೆ ಹೊಸದಾಗಿ ಬಂದ ಮುಖ್ಯೋಪಾಧ್ಯಾಯರು ಬೀರು ತೆರೆದು, "ಇದೇನ್ ಮೇಡಂ, ಸ್ಟಾಕ್ ರಿಜಿಸ್ಟರ್ ನಂಬರಾ?" ಎಂದರು. ಹೂಂ ಸಾರ್ ಎಂದೆ.